ಏನು ಉಂಡೆ ಎಂದು ಕೇಳುವ ಮಾರಕ್ಕ

ಬೆಳಗಿನ ಐದೂವರೆ. ದೊಡ್ಡಬಳ್ಳಾಪುರದ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆಯಾ ಮಾರಕ್ಕ ತೂಬಗೆರೆಯ ಅನುಸೂಯಮ್ಮನ ಕಾಲನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸುತ್ತಿದ್ದಾರೆ. ಒಂದೂವರೆ ತಿಂಗಳ ಬಾಣಂತಿ, ನ್ಯುಮೋನಿಯಾ. ನಾಲ್ಕು ದಿನದ ಪೆನ್ಸಿಲಿನ್ನಿಗೆ ಜ್ವರವೇನೋ ಇಳಿದಿದೆ, ಏದುಸಿರು ನಿಂತಿಲ್ಲ. ಬಟ್ಟೆಯ ಬಿಸಿಗೆ ಮಾರಕ್ಕನ ಬೆರಳೇ ಚುರುಗುಟ್ಟುತ್ತದೆ. ಅನುಸೂಯಮ್ಮನಿಗೆ ಮಾತ್ರ ಬಿಸಿ ತಾಕಿದ್ದೇ ತಿಳಿಯದು, ಕಾಲು ಎಳೆದುಕೊಳ್ಳುವುದಿಲ್ಲ. ಊದಿದ ಕಾಲಿನ ಮೇಲೆ ಹೆಬ್ಬೆರಳು ಒತ್ತಿದರೆ ಬಿದ್ದ ಕುಳಿ ಹಾಗೆಯೇ ನಿಲ್ಲುತ್ತದೆ.

“ಹೆರಿಗೆ ಆದಾಗಿಂದ ಏನು ಉಣ್ಣಿಸ್ತಿದ್ದೀರಮ್ಮ?”

“ಬಿಳಿ ಅನ್ನ, ಮೆಣಸಿನ ಸಾರು,” ಎನ್ನುತ್ತಾರೆ ಅತ್ತೆ ಪಾಪಮ್ಮ. “ಸೊಪ್ಪು, ಕಾಳು ಏನೂ ಮುಟ್ಟಿಸಿಲ್ಲ. ಬಾಣಂತಿಗೆ ರಾಗಿ ಹಾಕೋಕೆ ನಾವೇನು ಗತಿಗೆಟ್ಟೋರಾ? ಮಿಲ್ಲಿನ ಅಕ್ಕಿ ಕಣಮ್ಮ, ಮಲ್ಲಿಗೆ ಹೂವಿನಂಗೈತೆ. ಮೂರು ಸಲ ತೊಳ್ದು, ಬಸ್ದು ಇಕ್ತೀನಿ.”

“ಹೂವಿನಂಗಿದ್ರೆ ಮುಡಿಸಿ, ಉಣ್ಣಿಸ್ಬೇಡಿ.”

ಪಕ್ಕದ ಮಂಚದವರು ನಗುತ್ತಾರೆ. ಪಾಪಮ್ಮ ಮುಖ ಊದಿಸಿಕೊಳ್ಳುತ್ತಾರೆ. ಮಾರಕ್ಕ ಅವರ ತೋಳು ಸವರಿ ಡಾಕ್ಟರರ ಕೋಣೆಯತ್ತ ಓಡುತ್ತಾರೆ.

ಹದಿನೆಂಟು ವರ್ಷದ ಹಿಂದೆ, ತಮ್ಮೂರು ಆವತಿಯಲ್ಲಿ, ತಂಗಿ ಅಮ್ಮಯಮ್ಮನ ಬಾಣಂತನ ಮಾಡಿದ್ದು ಇದೇ ಮಾರಕ್ಕ. ಮನೆಮಂದಿಯೆಲ್ಲ ಮುದ್ದೆ ಉಂಡು, ಹಬ್ಬಕ್ಕಿಟ್ಟ ಮಿಲ್ಲಿನ ಅಕ್ಕಿಯನ್ನು ಅವಳೊಬ್ಬಳಿಗೆ ಮೀಸಲಿಟ್ಟಿದ್ದರು. ಕೆಮ್ಮು ಹತ್ತಿತು, ಕಾಲು ಊದಿತು, ನಲವತ್ತನೆಯ ದಿನ ಉಸಿರು ನಿಂತಿತು. ಮಾರಕ್ಕ ಆಸ್ಪತ್ರೆಯ ಕೆಲಸಕ್ಕೆ ಸೇರಿ ಎಷ್ಟೋ ಕಾಲದ ಮೇಲೆ ಡಾಕ್ಟರು ನರ್ಸಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: ಪಾಲಿಶ್ ಅಕ್ಕಿಯಲ್ಲಿ ಬಿ ವಿಟಮಿನ್ ಉಳಿಯುವುದಿಲ್ಲ, ದೊಡ್ಡ ಕಾಯಿಲೆ ಬಂದರೆ ಮೈಯಲ್ಲಿದ್ದ ಚೂರೂ ತೀರಿ ಹೃದಯ ಸೋಲುತ್ತದೆ.

“ಅವತ್ತು ಸ್ಟೋರಲ್ಲಿ ಕೂತು ಅತ್ಬಿಟ್ಟೆ,” ಎನ್ನುತ್ತಾರೆ ಮಾರಕ್ಕ. “ಪ್ರೀತಿಯಿಂದ ಇಕ್ಕಿದ್ದೆ ನೋಡಿ, ಅದೇ ಸಂಕಟ.” ಯಾವ ಅತ್ತೆಯನ್ನೂ ಅವರು ಈವರೆಗೆ ಬೈದಿಲ್ಲ.

ಇಪ್ಪತ್ತು ಮಂಚ, ದಿನಕ್ಕೆ ನಲವತ್ತು ಬೇಸಿನ್ ಬಿಸಿನೀರು, ಹದಿನಾಲ್ಕು ವರ್ಷದ ಚಾಕರಿ. ಇದರ ನಡುವೆ ಪ್ರತಿ ಮಂಚದ ಬಳಿಯೂ ಅದೇ ಪ್ರಶ್ನೆ.

“ನನ್ನ ಕುರ್ಚೀಲಿ ನೀನೇ ಕೂತ್ಕೊ ಮಾರಕ್ಕ,” ಎಂದು, ಊದಿದ ಕಾಲು, ಬಿಳಿ ಅನ್ನದ ಸುದ್ದಿ ಕೇಳಿದ ಡಾಕ್ಟರು ಛೇಡಿಸುತ್ತಲೇ ಎದ್ದು ಬರುತ್ತಾರೆ. ಕಾಲು ಒತ್ತಿ ನೋಡಿದವರು ನಗು ನಿಲ್ಲಿಸಿ ಬಿ-ಒನ್ ವಿಟಮಿನ್ ಇಂಜೆಕ್ಷನ್ ಬರೆಯುತ್ತಾರೆ.

ಸಂಜೆಯ ಹೊತ್ತಿಗೆ ಉಸಿರು ಹದಕ್ಕೆ ಬರುತ್ತದೆ. ಮೂರನೆಯ ದಿನ ಅನುಸೂಯಮ್ಮ ಒರಗಿ ಕೂತಿದ್ದಾಳೆ. ರಾಗಿ ಗಂಜಿಯ ಲೋಟಕ್ಕೆ ಊದುತ್ತಿರುವವರು ಪಾಪಮ್ಮ.

“ಉಪ್ಪೇ ಇಲ್ಲ ಕಣತ್ತೆ.”

“ಬಾಯಿ ಬಂತಲ್ಲ, ಸಾಕು. ಕುಡಿಯೇ!”

ಮಾರಕ್ಕನಿಗೆ ಒಂದೇ ಆಸೆ. “ಆಸ್ಪತ್ರೆ ಚೀಟೀಲಿ ಹೆಸ್ರು, ಊರು ಬರೀತಾರೆ. ಏನು ಉಂಡೆ ಅಂತ್ಲೂ ಒಂದು ಗೆರೆ ಇರ್ಬೇಕು. ನಂಗೆ ಬರೆಯೋಕೆ ಬರಲ್ಲ,” ಎಂದು ಬೇಸಿನ್ ಎತ್ತಿಕೊಳ್ಳುತ್ತಾರೆ, “ಕೇಳೋಕೆ ಬರ್ತದೆ.”