ಕಂಡಕ್ಟರ್ ಮಾವನ ವೆಬ್‌ಸೈಟ್

ಹೋದ ವಾರ ಶಿಡ್ಲಘಟ್ಟದಿಂದ ಜಂಗಮಕೋಟೆಗೆ ಹೋಗುವ ಬಸ್ಸಿನಲ್ಲಿ ನಿಂತಿದ್ದೆ. ಪಕ್ಕದ ಸೀಟಿನವರಿಗೆ ಟಿಕೆಟ್ ಕೊಡಲು ಕಂಡಕ್ಟರ್ ಬಗ್ಗಿದಾಗ ಅವರ ಚರ್ಮದ ಚೀಲ ನನ್ನ ಭುಜಕ್ಕೆ ತಗುಲಿತು. ಬೆವರು, ಡೀಸೆಲ್, ಹಳೇ ಚರ್ಮ ಎಲ್ಲ ಕಲೆತ ವಾಸನೆ. ದಿನವೂ ಬಸ್ಸಿನಲ್ಲಿ ಓಡಾಡುವವಳಿಗೆ ಅದೇನೂ ಹೊಸದಲ್ಲ. ಆದರೆ ಅವತ್ತು ಯಾಕೋ... ಇಳಿಯುವವರೆಗೂ ಕಂಡಕ್ಟರ್ ಮಾವನ ಮುಖವೇ ಕಣ್ಣ ಮುಂದಿತ್ತು.

ಚಿಂತಾಮಣಿಯಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ ಅವರದು. ಸಂಬಂಧವೇನಿಲ್ಲ, ಬೀದಿಯವರೆಲ್ಲ ಹಾಗೆ ಕರೆಯುತ್ತಿದ್ದರು. ಖಾಸಗಿ ಬಸ್ಸೊಂದರಲ್ಲಿ ಬಹಳ ವರ್ಷ ದುಡಿದು, ಒಂದು ದಿನ ಇದ್ದಕ್ಕಿದ್ದಂತೆ ಕೆಲಸ ಬಿಟ್ಟವರು. ನಾನು ಆಗಷ್ಟೇ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ತೆರೆದಿದ್ದೆ. ಬೀಜದಂಗಡಿಯವರಿಗೆ, ರೇಷ್ಮೆ ವ್ಯಾಪಾರಿಗಳಿಗೆ ಚಿಕ್ಕಪುಟ್ಟ ವೆಬ್‌ಸೈಟ್ ಮಾಡಿಕೊಡುವುದನ್ನೂ ಕಲಿತಿದ್ದೆ. ಒಂದು ಮಧ್ಯಾಹ್ನ ಅವರು ಉದ್ದನೆಯ ನೋಟ್‌ಬುಕ್ ಹಿಡಿದು ಬಂದರು.

"ಇದನ್ನ ಇಂಟರ್ನೆಟ್ಟಲ್ಲಿ ಹಾಕ್ಬೋದೇನಮ್ಮ?"

ಬಸ್ಸಿನ ತಮಾಷೆ ಪ್ರಸಂಗಗಳಿರಬಹುದು ಅಂದುಕೊಂಡು ತೆರೆದೆ. ಮೊದಲ ಪುಟದಲ್ಲಿ ಒಬ್ಬ ಹೆಂಗಸಿನ ಹೆಸರು, ಊರು. ಯಾವ ಸ್ಟಾಪಿನಲ್ಲಿ ಹತ್ತಿದಳು, ಮಡಿಲಲ್ಲಿ ಏನಿತ್ತು, ಚಿಲ್ಲರೆ ಕೊಡುವಾಗ ಏನಂದಳು ಎಂಬುದೆಲ್ಲ ಇತ್ತು. ಕೊನೆಯ ಸಾಲು: "ಕಿಟಕಿ ಪಕ್ಕ ಕೂತಿದ್ದರು."

ಅವರ ಬಸ್ಸು ಕೆರೆ ಏರಿಯ ಮೇಲೆ ಜಾರಿ ಉರುಳಿತ್ತು. ಏಳು ಜನ ಸತ್ತರು. ಕಂಡಕ್ಟರ್ ಮಾವ ಭುಜ ಮುರಿದುಕೊಂಡು ಬದುಕಿದರು. ಆಮೇಲೆ ಒಂದೊಂದೇ ಮನೆ ಹುಡುಕಿಕೊಂಡು ಹೋಗಿ, ಆ ಏಳು ಜನರ ಬಗ್ಗೆ ಕೇಳಿ ಬರೆದಿದ್ದರು.

"ಪೇಪರಲ್ಲಿ ಏಳು ಜನ ಅಂತ ಬಂತು, ಅಷ್ಟೆ. ಅದ್ರಲ್ಲಿ ಇಬ್ರ ಹೆಸ್ರೂ ತಪ್ಪು. ಅವ್ರಿಗೆ ಟಿಕೆಟ್ ಕೊಟ್ಟೋನು ನಾನು ಕಣಮ್ಮ. ನಿಲ್ಲಕ್ಕೂ ಜಾಗ ಇಲ್ದಿದ್ರೂ ಬನ್ನಿ ಬನ್ನಿ ಅಂತ ಹತ್ತಿಸ್ಕೊಂಡೋನೂ ನಾನೇ."

ಏಳು ಬರಹಗಳನ್ನೂ ಟೈಪ್ ಮಾಡಿ, ಅವರಿಗೊಂದು ವೆಬ್‌ಸೈಟ್ ಮಾಡಿಕೊಟ್ಟೆ. ಓದಿದವರು ಕೆಳಗೆ ಉತ್ತರ ಬರೆಯಲೆಂದು ಯಾರೋ ಬಿಟ್ಟಿಯಾಗಿ ಹಂಚಿದ್ದ ಪುಟ್ಟ ಸಾಫ್ಟ್‌ವೇರ್ ಒಂದನ್ನೂ ಜೋಡಿಸಿದೆ. ಯಾರು ಬರೆಯುತ್ತಾರೆ ಎಂದು ನನ್ನ ಲೆಕ್ಕ. ಆದರೆ ಸತ್ತವರ ಮನೆಯವರು ಬರೆದರು. ಮಂಡಿಕಲ್ ಕಡೆಯ ಒಬ್ಬರು ತಮ್ಮ ಅಣ್ಣನ ಬಗ್ಗೆ ಬರೆದರು. ಗೌರಿಬಿದನೂರಿನಿಂದ ಒಬ್ಬ ಹುಡುಗಿ ತಂದೆಗೆ ಕಾಗದದಂತೆ ಬರೆದಳು, ಪ್ರತಿ ಯುಗಾದಿಗೂ ಒಂದು. ಮುರುಗಮಲ್ಲದ ತಾಯಿಯೊಬ್ಬರು ಮೊಮ್ಮಗಳ ಕೈಯಲ್ಲಿ ಬರೆಸಿದ್ದರು: "ನನ್ನ ಮಗ ಹೋದ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನೀವು ಸರಿಯಾಗಿ ಊಟ ಮಾಡಿ."

ಮಾವ ದಿನಾ ಬೆಳಿಗ್ಗೆ ಅಂಗಡಿಗೆ ಬಂದು ಆ ಪುಟ ತೆರೆಸುತ್ತಿದ್ದರು. ಓದುತ್ತಿದ್ದರೋ ಸುಮ್ಮನೆ ನೋಡುತ್ತಿದ್ದರೋ... ಕನ್ನಡಕ ಒರೆಸಿಕೊಂಡು ಎದ್ದು ಹೋಗುತ್ತಿದ್ದರು.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಸೈಟಿಗೆ ಬಾಡಿಗೆ ಜಾಗ ಕೊಟ್ಟಿದ್ದ ಸರ್ವರ್‌ನವರಿಂದ ಪತ್ರ ಬಂತು. ವೆಬ್‌ಸೈಟ್ ನಡೆಸುವ ಸಾಫ್ಟ್‌ವೇರ್ ತುಂಬ ಹಳೆಯದಾಯಿತು, ಹೊಸದಕ್ಕೆ ಬದಲಿಸದಿದ್ದರೆ ಸೈಟ್ ನಿಲ್ಲಿಸುತ್ತೇವೆ ಎಂದಿತ್ತು. ಮಾವನಿಗೆ ಹೇಳಿದೆ.

"ಬದಲಾಯ್ಸಿದ್ರೆ ಅದಕ್ಕೇನೂ ಆಗಲ್ಲ ತಾನೆ?"

"ಏನೂ ಆಗಲ್ಲ ಮಾವ. ಅರ್ಧ ಗಂಟೆ ಕೆಲ್ಸ."

ಅವತ್ತು ಅಂಗಡಿಯಲ್ಲಿ ಮದುವೆ ಕಾರ್ಡಿನವರು ಕಾದು ಕೂತಿದ್ದರು. ಫೈಲುಗಳನ್ನು ಕಾಪಿ ಮಾಡಿಟ್ಟುಕೊಂಡೆ. ಬರಹಗಳೂ ಉತ್ತರಗಳೂ ಇರುವುದು ಬೇರೆ ಕಡೆ, ಡೇಟಾಬೇಸಿನಲ್ಲಿ. ಅದನ್ನೂ ಕಾಪಿ ಮಾಡಬೇಕು ಎಂಬುದು ನನಗೆ ಗೊತ್ತಿತ್ತು. ಮಾಡಲಿಲ್ಲ. ಹೊಸ ಸಾಫ್ಟ್‌ವೇರ್ ಬಂದು ಕೂತಿತು. ಉತ್ತರಗಳ ಆ ಪುಟ್ಟ ಸಾಫ್ಟ್‌ವೇರ್ ಮಾತ್ರ ಅದಕ್ಕೆ ಹೊಂದದೆ ತೊಂದರೆ ಕೊಡತೊಡಗಿತು. ತೆಗೆದು ಮತ್ತೆ ಹಾಕಿದರಾಯಿತು ಎಂದು ಅಳಿಸಿದೆ. ಅದು ತಾನು ಇಟ್ಟುಕೊಂಡಿದ್ದ ಉತ್ತರಗಳನ್ನೆಲ್ಲ ಅಳಿಸಿಕೊಂಡೇ ಹೋಯಿತು.

ಏಳು ಬರಹಗಳು ಇದ್ದ ಹಾಗೇ ಇದ್ದವು. ಕೆಳಗೆ ಒಂದು ಅಕ್ಷರವೂ ಇರಲಿಲ್ಲ. ಸರ್ವರ್‌ನವರಿಗೆ ಬರೆದೆ, ಗೊತ್ತಿದ್ದವರನ್ನೆಲ್ಲ ಕೇಳಿದೆ. ಎಲ್ಲಿಯೂ ಪ್ರತಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಮಾವ ಬಂದು ಕೂತರು. ಪರದೆಯನ್ನು ಕೆಳಕ್ಕೆ ಸರಿಸಿದರು, ಮೇಲಕ್ಕೆ ಸರಿಸಿದರು.

"ಎಲ್ಲಮ್ಮ?"

"ಸಾಫ್ಟ್‌ವೇರಲ್ಲೇ ಏನೋ ದೋಷ ಇತ್ತು ಮಾವ. ಅದೇ ಅಳಿಸ್ಬಿಟ್ಟಿದೆ."

ಅವರು ನನ್ನ ಕಡೆ ತಿರುಗಿದರು. "ನಮ್ ಡ್ರೈವರೂ ಅವತ್ತು ಹಂಗೇ ಅಂದ, ಬ್ರೇಕ್ ಹಿಡೀಲಿಲ್ಲ ಅಂತ" ಎಂದರು. ಮತ್ತೆ, "ಹೋಗ್ಲಿ ಬಿಡಮ್ಮ. ನೀನು ಊಟ ಬಿಡಬೇಡ" ಎಂದು ಎದ್ದರು.

ಆ ವಾರವೇ ಅವರು ಮುರುಗಮಲ್ಲಕ್ಕೆ ಹೋಗಿದ್ದರಂತೆ. ಹಿಂತಿರುಗಿ ಬಂದು ಅಂಗಡಿಯ ಬಾಗಿಲಲ್ಲೇ ನಿಂತು ಹೇಳಿದರು. ಆ ತಾಯಿಗೆ ಈಗ ಕಣ್ಣು ಮಂಜು. ವೆಬ್‌ಸೈಟಿನ ವಿಷಯ ತೆಗೆದಾಗ "ಏಂ ರಾಯಿಂಚಿನಾನೋ ನಾಕು ತೆಲೀದು ನಾಯನಾ" ಅಂದರಂತೆ, ಏನು ಬರೆಸಿದೆನೋ ಗೊತ್ತಿಲ್ಲಪ್ಪ ಎಂದು. ಆಮೇಲೆ ಮಗನನ್ನು ನೆನೆದು ಅತ್ತರಂತೆ.

"ನನ್ ಮೇಲೆ ಸಿಟ್ಟಿಲ್ಲ ಅಂತ ಇನ್ನೊಂದ್ಸಲ ಹೇಳಮ್ಮ ಅಂತ ಯಾವ ಬಾಯಲ್ಲಿ ಕೇಳ್ಲಿ? ಟೀ ಕುಡ್ದು ಬಂದ್ಬಿಟ್ಟೆ."

ಉಳಿದ ಮನೆಗಳಿಗೆ ಅವರು ಹೋಗಲಿಲ್ಲ. ಅಂಗಡಿಗೂ ಬರುವುದು ನಿಂತಿತು. ಬೀದಿಯಲ್ಲಿ ಸಿಕ್ಕರೆ "ಚೆನ್ನಾಗಿದೀಯೇನಮ್ಮ" ಎನ್ನುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ನಿಜ ಹೇಳಬೇಕೆಂದು ಎರಡು ಸಲ ಅವರ ಮನೆ ಬಾಗಿಲವರೆಗೆ ಹೋಗಿದ್ದೇನೆ. ಒಮ್ಮೆ ಮಲಗಿದ್ದರು. ಇನ್ನೊಮ್ಮೆ ಎಚ್ಚರವಾಗಿಯೇ ಇದ್ದರು, ನಾನೇ ಬೇರೆ ಏನೋ ಮಾತಾಡಿ ಬಂದೆ... ಆ ಬೇಸಿಗೆಯಲ್ಲಿ ಹಾಸಿಗೆ ಹಿಡಿದರು. ಕೊನೆಕೊನೆಗೆ ಊಟ ಮುಟ್ಟುತ್ತಿರಲಿಲ್ಲವೆಂದು ಅತ್ತೆ, ಅವರ ಹೆಂಡತಿ, ತಿಥಿಯ ದಿನ ನನಗೆ ಹೇಳಿದರು.

ಈಗ ನಲವತ್ತಕ್ಕೂ ಹೆಚ್ಚು ವೆಬ್‌ಸೈಟುಗಳನ್ನು ನೋಡಿಕೊಳ್ಳುತ್ತೇನೆ. ಸಾಫ್ಟ್‌ವೇರ್ ಬದಲಿಸುವ ಮುಂಚೆ ಎರಡು ಕಡೆ ಕಾಪಿ ತೆಗೆದು, ತೆರೆದು ಓದಿ ನೋಡಿಯೇ ಕೈ ಹಾಕುತ್ತೇನೆ. ಅಂಗಡಿಗೆ ಕಲಿಯಲು ಬರುವ ಹುಡುಗಿಯರು ನನ್ನ ಹೆದರಿಕೆ ಕಂಡು ನಗುತ್ತಾರೆ. ಮಾವನ ಸೈಟನ್ನೂ ನಡೆಸಿಕೊಂಡು ಬಂದಿದ್ದೇನೆ. ಗೌರಿಬಿದನೂರಿನ ಆ ಹುಡುಗಿ ಮತ್ತೆ ಬರೆಯಲಿಲ್ಲ. ತಂದೆಗೆ ಬರೆದದ್ದನ್ನೆಲ್ಲ ಬೇಕೆಂದೇ ಅಳಿಸಿದರು ಎಂದುಕೊಂಡಳೋ ಏನೋ. ಅವಳ ಇಮೇಲ್ ವಿಳಾಸವೂ ಆ ಉತ್ತರಗಳ ಜೊತೆಯಲ್ಲೇ ಹೋಗಿತ್ತು.