ನೆಲ ನೋಡಿ ನಿಂತವಳು

ಮನೆಯಲ್ಲಿ ಎಲ್ಲರೂ ಅವಳನ್ನು ಮೆಣಸಿನಕಾಯಿ ಅಂತಲೇ ಕರೆಯುತ್ತಿದ್ದರು. ಓರಗೆಯವರ ಜೊತೆ ಜಗಳಕ್ಕೆ ನಿಂತರೆ ಎದುರಿನವರು ನೀರು ಕುಡಿಯಬೇಕು, ಅಂಥ ಬಾಯಿ. ಹಿರಿಯರು ಗದರಿದರೆ ಮಾತ್ರ ಅದೇ ಬಾಯಿಗೆ ಬೀಗ, ಕಣ್ಣು ನೆಲಕ್ಕೆ. ತಾಯಿಯಿಲ್ಲದ ಅವಳನ್ನು ಸಾಕಿದ ದೊಡ್ಡಮ್ಮನ ಪಾಠ ಅದು. "ದೊಡ್ಡೋರು ಬೈದ್ರೆ ನೆಲ ನೋಡು. ಎದುರು ಮಾತಾಡಬೇಡ." ಈ ಪಾಠವನ್ನು ಅವಳು ಬಟ್ಟೆಬರೆಯ ಜೊತೆ ಕಟ್ಟಿಕೊಂಡು ಓದಲು ಹೋದ ಹೊರದೇಶಕ್ಕೂ ಹೊತ್ತೊಯ್ದಳು. ಅಲ್ಲಿ ಅದಕ್ಕೆ ಮೂರು ಕಾಸಿನ ಬೆಲೆಯಿರಲಿಲ್ಲ.

ಓದುತ್ತಿದ್ದದ್ದು ಜವಳಿ ವಿಜ್ಞಾನ. ಕೊನೆಯ ವರ್ಷ ಆರು ತಿಂಗಳು ಎಲ್ಲಾದರೂ ದುಡಿದು, ಅಲ್ಲಿನ ಮೇಲ್ವಿಚಾರಕರಿಂದ ತರಬೇತಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರೆ ಪದವಿ. ಇಲ್ಲದಿದ್ದರೆ ಮೂರು ವರ್ಷದ ಓದು ನೀರಲ್ಲಿ ಹೋಮ ಮಾಡಿದ ಹಾಗೆ. ಅವಳಿಗೆ ಸಿಕ್ಕಿದ್ದು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಮೂಟೆ ಬಿಚ್ಚಿ, ಹಾಸಿಗೆ ಬಟ್ಟೆ ಒಂದು ಕಡೆ, ಶಸ್ತ್ರಚಿಕಿತ್ಸೆಯ ನಿಲುವಂಗಿ ಇನ್ನೊಂದು ಕಡೆ ವಿಂಗಡಿಸಬೇಕು. ಪ್ರತಿ ಜೇಬಿಗೂ ಕೈ ಹಾಕಿ ನೋಡಬೇಕು. ಒಂದು ಸೂಜಿ ಉಳಿದರೂ ಯಂತ್ರಕ್ಕೆ ಕೇಡು, ಕೈಗೂ ಕೇಡು.

ಮೇಜಿನ ಆಚೆ ಬದಿಗೆ ನಿಲ್ಲುತ್ತಿದ್ದವಳು ಐವತ್ತು ದಾಟಿದ ಹೆಂಗಸು, ಅಲ್ಲೇ ಹದಿನಾರು ವರ್ಷ ದುಡಿದ ಹಳೆಯ ಹುಲಿ. ಅಷ್ಟು ದೊಡ್ಡವಳನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಹೊರಳದೆ ಇವಳು ಅಕ್ಕ ಅಂದಳು. ಅರ್ಥ ಕೇಳಿ ತಿಳಿದುಕೊಂಡ ಆಕೆಗೆ ಬಹಳ ಖುಷಿಯಾಯಿತು. ಯಾಕಾಗಬಾರದು? ಅವತ್ತಿನಿಂದ ಭಾರದ ಮೂಟೆಗಳೆಲ್ಲ ತಂಗಿಯ ಪಾಲಾದವು. "ತಂಗಿ, ನನ್ನ ಸೊಂಟ ನೋವು, ಹಿಂಬಾಗಿಲಿನ ಮೂಟೆ ನೀನೇ ತೂಕ ಹಾಕಿ ತಗೊಂಡು ಬಾ" ಅನ್ನುವಳು. ಇವಳು ಹೋಗುವಳು. ಅಕ್ಕನ ಮಾತು ಮೀರುವುದುಂಟೇ!

ಒಂದು ಮಂಗಳವಾರ ಬೆಳಿಗ್ಗೆ ಹೀಗೇ ತೂಕಕ್ಕೆ ಹೋಗಿ ಬರುವಷ್ಟರಲ್ಲಿ ಮೂರನೇ ಯಂತ್ರ ಗರಗರ ಅಂದು ನಿಂತಿತು. ಯಾವುದೋ ನಿಲುವಂಗಿಯ ಜೇಬಿನಲ್ಲಿ ಉಳಿದಿದ್ದ ಕತ್ತರಿ ಒಳಗಿನ ಉಕ್ಕಿನ ಡ್ರಮ್ಮನ್ನೇ ಸೀಳಿತ್ತು. ಮೇಲ್ವಿಚಾರಕ ಇಬ್ಬರನ್ನೂ ಕರೆದು, "ಆ ಜೇಬು ನೋಡದೇ ಬಿಟ್ಟಿದ್ದು ಯಾರು?" ಅಂದ.

ಅಕ್ಕ ಅವನ ಕಣ್ಣಲ್ಲಿ ಕಣ್ಣಿಟ್ಟು, "ನಾನಲ್ಲ" ಅಂದಳು. ಇವಳು ನೆಲ ನೋಡಿದಳು. ಮೇಜಿನ ಬಳಿ ಆಗ ಇದ್ದವಳು ಅಕ್ಕ ಒಬ್ಬಳೇ. ಆದರೆ ವಯಸ್ಸಿನಲ್ಲಿ ದೊಡ್ಡವಳ ಮುಖದ ಮೇಲೇ ನೀನೇ ಅನ್ನುವುದು ಹೇಗೆ? ಒಂದು ಗಳಿಗೆ ಬಿಟ್ಟರೆ ಆಕೆಯೇ ಒಪ್ಪಿಕೊಳ್ಳುತ್ತಾಳೆ ಅಂತ ಕಾದಳು. ಮೇಲ್ವಿಚಾರಕ ತಪ್ಪುಗಳ ರಿಜಿಸ್ಟರಿನಲ್ಲಿ ಇವಳ ಹೆಸರು ಬರೆದು, ಪಕ್ಕದಲ್ಲಿ 'ಕೇಳಿದಾಗ ಉತ್ತರವಿಲ್ಲ' ಅಂತ ಸೇರಿಸಿ ಪೆನ್ನು ಚಾಚಿದ. ಹಿರಿಯರು ಚಾಚಿದ್ದನ್ನು ಬೇಡ ಅನ್ನಬಾರದಲ್ಲ. ಸಹಿಯನ್ನೂ ಮಾಡಿದಳು, ಪೆದ್ದಿ.

"ಹೀಗಾದ್ರೆ ನಿನ್ನ ತರಬೇತಿ ಪುಸ್ತಕಕ್ಕೆ ನಾನು ಸಹಿ ಹಾಕೋಕಾಗಲ್ಲ" ಅಂದ ಅವನು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತ್ತು. ಮೇಕೆ ಬಾಯಿ ಚಾಚಿ ಒರೆಸಿಕೊಂಡಿತ್ತು.

ಸಂಜೆ ಕೋಣೆಗೆ ಬಂದಾಗ ಮೈಯೆಲ್ಲ ಉರಿಯುತ್ತಿತ್ತು. ಅಕ್ಕನ ಮೇಲೆ ಸಿಟ್ಟು, ಅವನ ಪೆನ್ನಿನ ಮೇಲೆ ಸಿಟ್ಟು, ಎಲ್ಲಕ್ಕಿಂತ ತನ್ನ ಬಗ್ಗಿದ ಕುತ್ತಿಗೆಯ ಮೇಲೆ. ದೊಡ್ಡಮ್ಮನಿಗೆ ಫೋನ್ ಮಾಡಿದಳು. ಮುಖ ಕಾಣುವ ಫೋನು.

"ತಪ್ಪು ಮಾಡದೇ ಇದ್ರೂ ಸುಮ್ನೆ ನಿಂತಿದ್ಯಾ? ನಿನಗೇನು ಬುದ್ಧಿ ಇಲ್ವೇನೇ?" ಅಂದರು ದೊಡ್ಡಮ್ಮ.

"ಕಲಿಸಿದ್ದು ಯಾರು? ನಿಮ್ಮ ಮಗ ಚೆಂಡು ಹೊಡೆದು ಗೋಡೆ ಗಡಿಯಾರ ಒಡೆದಾಗ ಬೆನ್ನಿಗೆ ಬಾಸುಂಡೆ ಬರೋ ಹಾಗೆ ನನಗೆ ಹೊಡೆದ್ರಿ. ನಾನಲ್ಲ ಅಂದಿದ್ದಕ್ಕೆ ಎದುರು ಮಾತು ಅಂತ ಇನ್ನೂ ಎರಡು ಬಿಟ್ರಿ. ಆಗ ನನಗೆ ಒಂಬತ್ತು ವರ್ಷ."

"ಹಳೇದೆಲ್ಲ ಈಗ್ಯಾಕೆ" ಅಂದು ದೊಡ್ಡಮ್ಮ ಫೋನ್ ಇಟ್ಟರು.

ಮರುದಿನ ಬೆಳಿಗ್ಗೆ ಅವಳು ಕೆಲಸದ ಅಂಗಿ ಹಾಕುವ ಮೊದಲೇ ಮೇಲ್ವಿಚಾರಕನ ಕೋಣೆಗೆ ಹೋದಳು. ಕೈಯಲ್ಲಿ ಹಿಂಬಾಗಿಲಿನ ತೂಕದ ಚೀಟಿಗಳ ಕಟ್ಟು ಇತ್ತು. ಪ್ರತಿ ಮೂಟೆಗೂ ಒಂದು ಚೀಟಿ, ಅದರ ಮೇಲೆ ತೂಗಿದ ಹೊತ್ತು, ತೂಗಿದವರ ಗುರುತು. ಆ ನಿಲುವಂಗಿಗಳು ಮೇಜಿನ ಮೇಲಿದ್ದ ಅರ್ಧ ಗಂಟೆಯಲ್ಲಿ ಹನ್ನೆರಡು ಮೂಟೆ ತೂಗಿದ್ದು ಇವಳೇ. ಅಕ್ಕನ ಸೊಂಟನೋವು ಕೊನೆಗೂ ಒಂದು ಒಳ್ಳೆಯ ಕೆಲಸ ಮಾಡಿತ್ತು.

ಕಣ್ಣು ಎತ್ತುವುದು ಆ ಮೂಟೆಗಳನ್ನು ಎತ್ತಿದ್ದಕ್ಕಿಂತ ಕಷ್ಟವಾಯಿತು. ಎತ್ತಿದಳು. "ಆ ಜೇಬು ಬಿಟ್ಟಿದ್ದು ನಾನಲ್ಲ" ಅಂದಳು.

ಅವನು ಚೀಟಿಗಳನ್ನು ಒಂದೊಂದಾಗಿ ನೋಡಿದ. "ನಿನ್ನೆ ಯಾಕೆ ಹೇಳ್ಲಿಲ್ಲ?"

"ನೀವು ದೊಡ್ಡೋರು, ಅವರೂ ದೊಡ್ಡೋರು. ನಮ್ಮ ಕಡೆ ದೊಡ್ಡೋರ ಮುಂದೆ ತಲೆ ಎತ್ತಲ್ಲ."

"ಇಲ್ಲಿ ಮುಖ ನೋಡದೇ ಇರೋರು ಏನೋ ಮುಚ್ಚಿಡ್ತಿದಾರೆ ಅಂದ್ಕೋತೀವಿ."

"ಮುಖ ನೋಡ್ಕೊಂಡೇ ಸುಳ್ಳು ಹೇಳೋರು ಇಲ್ಲಿ ಇಲ್ವಾ?"

ಅವನು ರಿಜಿಸ್ಟರ್ ತೆಗೆದು ಅವಳ ಹೆಸರಿಗೆ ಗೀಟು ಎಳೆದು, ಅಕ್ಕನನ್ನು ಕರೆಸಿದ. ತರಬೇತಿ ಪುಸ್ತಕಕ್ಕೆ ವಾರದ ಕೊನೆಗೆ ಸಹಿ ಬಿತ್ತು. ಕ್ಷಮೆ ಮಾತ್ರ ಯಾರೂ ಕೇಳಲಿಲ್ಲ. ಹೊರಗೆ ಬಂದ ಅಕ್ಕ, "ನಾವು ಅಕ್ಕತಂಗಿ ಅಂದ್ಕೊಂಡಿದ್ದೆ" ಅಂದಳು, ಮೋಸ ಹೋದವಳ ಮುಖ ಮಾಡಿಕೊಂಡು.

"ಅಕ್ಕ ಆಗಿದ್ರೆ ನೀವೇ ಹೇಳ್ತಿದ್ರಿ. ಇವತ್ತಿಂದ ನಿಮ್ಮ ಮೂಟೆ ನೀವೇ ಹೊತ್ಕೊಳ್ಳಿ."

ಭಾನುವಾರ ದೊಡ್ಡಮ್ಮನೇ ಫೋನ್ ಮಾಡಿದರು. ಸಹಿಯ ಸುದ್ದಿ ಕೇಳಿ, ಊಟ ಆಯ್ತಾ ಅಂತ ಕೇಳಿ, ಸೆರಗಿನ ಅಂಚು ತಿರುವಿದರು.

"ಆ ಗಡಿಯಾರ ಒಡೆದಿದ್ದು ನೀನಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು ಕಣೇ."

"ಗೊತ್ತಿದ್ದೂ ಯಾಕೆ ಹೊಡೆದ್ರಿ?"

"ಅವನಿಗೆ ಹೊಡೆದಿದ್ರೆ ತಿರುಗಿಬೀಳ್ತಿದ್ದ. ನೀನಾದ್ರೆ ಹೊಡೆಸ್ಕೊಂಡು ನಿಂತ್ಕೋತೀಯ ಅಂತ ಗೊತ್ತಿತ್ತು."

ಮೆಣಸಿನಕಾಯಿ ಫೋನಿನಿಂದ ಕಣ್ಣು ತೆಗೆಯಲಿಲ್ಲ. ದೊಡ್ಡಮ್ಮ ನೆಲ ನೋಡುತ್ತಿದ್ದರು.