ಅಜ್ಜಿಯ ಹಣೆ

ಅಜ್ಜಿಯ ತಿಥಿಗೆ ದೊಡ್ಡ ಫೋಟೊ ಮಾಡಿಸಲು ಆಫೀಸಿಗೆ ರಜೆ ಹಾಕಿ ವಿಜಯಪುರದ ಸ್ಟುಡಿಯೊ ಒಂದಕ್ಕೆ ಹೋಗಿದ್ದೆ. ಸ್ಟುಡಿಯೊದವನು ಕಂಪ್ಯೂಟರಿನಲ್ಲಿ ಫೋಟೊ ತಿದ್ದುತ್ತಾ, “ತಾತ ಇದಾರಾ ಮೇಡಂ?” ಅಂದ.

“ಇಲ್ಲ, ತೀರ್ಕೊಂಡು ಹತ್ತು ವರ್ಷ ಆಯ್ತು.”

ಮೌಸ್ ಒಂದು ಸಲ ಆಡಿತು. ಅಜ್ಜಿಯ ಹಣೆಯ ಕುಂಕುಮ ಮಾಯ!

ನನಗೆ ಮೈಯೆಲ್ಲ ಉರಿದುಹೋಯಿತು. “ಯಾಕ್ರೀ ಅಳಿಸಿದ್ರಿ?”

“ಗಂಡ ಇಲ್ದೋರಿಗೆ ತೆಗೆದ್ಬಿಡ್ತೀವಿ ಮೇಡಂ. ತಿಥಿಗೆ ಬಂದೋರು ಏನಂತಾರೆ?”

“ನಮ್ಮಜ್ಜಿ ಹತ್ತು ವರ್ಷ ಈ ಮಾತು ಕೇಳಿಸ್ಕೊಂಡೇ ದಿನಾ ಕುಂಕುಮ ಇಟ್ಕೊಳ್ತಿದ್ಲು. ಸತ್ತಮೇಲೆ ಅಳಿಸೋಕೆ ನೀವ್ಯಾರು? ವಾಪಸ್ ಇಡಿ.”

ಅವನು ಗೊಣಗುತ್ತಾ ಸಾಸಿವೆಕಾಳಿನಷ್ಟು ಇಟ್ಟ. “ಇನ್ನೂ ದೊಡ್ಡದು” ಅಂದೆ. ಮೂರು ಸಲ ಅಂದೆ. ಈಗ ನಡುಮನೆಯ ಫೋಟೊದಲ್ಲಿರುವ ಕುಂಕುಮ, ನಿಜ ಹೇಳಬೇಕೆಂದರೆ, ಅಜ್ಜಿ ಇಟ್ಟುಕೊಳ್ಳುತ್ತಿದ್ದದ್ದಕ್ಕಿಂತ ತುಸು ದೊಡ್ಡದೇ ಇದೆ.